ಒರೆಸದೆ ಸವರುವುದು

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬೆಳಗಿನ ಐದೂವರೆಗೆ ಎಲ್ಲಕ್ಕಿಂತ ಮೊದಲು ಕೇಳಿಸುವುದು ಬಕೆಟ್ಟಿನ ಹಿಡಿಕೆಯ ಸದ್ದು. ಕಾರು ಒರೆಸುವವರು ಒಬ್ಬರೇ, ಬಕೆಟ್ಟು ಒಂದೇ, ಬಟ್ಟೆಯೂ ಒಂದೇ. ಎಂಟು ಗಂಟೆಯೊಳಗೆ ಅವರು ಇಪ್ಪತ್ತೆರಡು ಕಾರುಗಳನ್ನು ಮುಗಿಸಬೇಕು, ಏಕೆಂದರೆ ಅದಾದ ಮೇಲೆ ಒರೆಸಲು ಕಾರುಗಳೇ ಅಲ್ಲಿರುವುದಿಲ್ಲ. ಮೊದಲ ಕಾರಿನ ಹೊತ್ತಿಗೆ ತಿಳಿಯಾಗಿದ್ದ ನೀರು ಐದನೆಯ ಕಾರಿಗೆ ಬರುವಾಗ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ನಡುವೆ ಒಮ್ಮೆ ನೀರು ಬದಲಾಗುತ್ತದೆಯಾದರೂ ಬಟ್ಟೆ ಬದಲಾಗುವುದಿಲ್ಲ. ನನ್ನ ಕಾರಿನ ಸರದಿ ಹದಿನೇಳನೆಯದು. ಇದನ್ನು ನಾನು ಎಂಟು ತಿಂಗಳು ದಿನವೂ ನೋಡಿದ್ದೇನೆ, ತಿಂಗಳಿಗೆ 600 ರೂಪಾಯಿ ಸಂತೋಷದಿಂದಲೇ ಕೊಟ್ಟಿದ್ದೇನೆ, ಮತ್ತು ಆಫೀಸಿಗೆ ಹೊರಡುವಾಗ ಒದ್ದೆಯಾಗಿ ಹೊಳೆಯುತ್ತಿದ್ದ ಬಾನೆಟ್ಟನ್ನು ಕಂಡು ಹಣಕ್ಕೆ ತಕ್ಕ ಕೆಲಸವಾಗಿದೆಯೆಂದು ಅಂದುಕೊಂಡಿದ್ದೇನೆ.

ಕಾರು ಕಪ್ಪು ಬಣ್ಣದ್ದು. ಕೊಳ್ಳುವಾಗ ಕಪ್ಪು ಬೇಡವೆಂದು ಹೇಳದವರಿರಲಿಲ್ಲ, ಆದರೆ ಅವರೆಲ್ಲ ಹೇಳಿದ ಕಾರಣ ಬಿಸಿಲಿನ ಕಾವು, ಇಲ್ಲವೇ ಶನಿಯ ಬಣ್ಣವೆಂಬ ನಂಬಿಕೆ. ನಿಜವಾದ ಕಾರಣವನ್ನು ನನಗೆ ತೋರಿಸಿದ್ದು ಜನವರಿಯ ಒಂದು ಬೆಳಗಿನ ಎಳೆಬಿಸಿಲು. ಹೆಬ್ಬಾಳದ ಮೇಲ್ಸೇತುವೆಯನ್ನು ಇಳಿದು ಪೆಟ್ರೋಲ್ ಬಂಕಿನಲ್ಲಿ ಸರದಿಗಾಗಿ ಕಾಯುತ್ತಾ ಕಾರಿನಿಂದಿಳಿದು ನಿಂತಿದ್ದಾಗ, ಬಾನೆಟ್ಟಿನ ಮೇಲೆ ಬಿದ್ದ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂಥದೊಂದು ಕಾಣಿಸಿತು. ಕೂದಲಿಗಿಂತ ಸಣ್ಣ ಬೆಳ್ಳಿಗೆರೆಗಳು, ಸಾವಿರಾರು, ಎಲ್ಲವೂ ಬಿಂಬವನ್ನು ನಡುವಿಟ್ಟುಕೊಂಡು ಬಳೆಬಳೆಯಾಗಿ ಸುತ್ತಿದ್ದವು. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬಲೆಯೂ ನನ್ನೊಡನೆ ಸರಿಯುತ್ತಿತ್ತು. ಹೊಸ ಕಾರಿನಲ್ಲಿ ಇದಿರಲಿಲ್ಲವೆಂಬುದು ನನಗೆ ಖಚಿತವಾಗಿ ಗೊತ್ತಿತ್ತು, ಏಕೆಂದರೆ ಹೊಸ ಕಾರಿನ ಬಾನೆಟ್ಟಿನಲ್ಲಿ ನನ್ನ ಮುಖವನ್ನು ನೋಡಿಕೊಂಡಷ್ಟು ನಾನು ಕನ್ನಡಿಯಲ್ಲಿಯೂ ನೋಡಿಕೊಂಡಿರಲಿಲ್ಲ.

ಯಾರೋ ಗುಂಡಗೆ ಉಜ್ಜಿದ್ದರಿಂದ ಗುಂಡಗೆ ಗೀರು ಬಿದ್ದಿದೆಯೆಂದು ಆ ದಿನ ಭಾವಿಸಿದ್ದೆ. ಅದು ಅರ್ಧ ಮಾತ್ರ ಸರಿ. ಮನೆಯ ಹಳೆಯ ಸ್ಟೀಲ್ ತಟ್ಟೆಯೊಂದನ್ನು ದೀಪದ ಕೆಳಗೆ ಹಿಡಿದು ನೋಡಿದರೆ ಇದೇ ಬಲೆ ಕಾಣುತ್ತದೆ, ತಟ್ಟೆಯನ್ನು ಅತ್ತಿತ್ತ ಆಡಿಸಿದರೆ ಬಲೆಯೂ ಆಡುತ್ತದೆ. ಗೀರುಗಳು ನಿಜಕ್ಕೂ ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿ ಹರಡಿರುತ್ತವೆ. ಬೆಳಕಿನ ಬಿಂಬಕ್ಕೆ ಅಡ್ಡಲಾಗಿ ಬಿದ್ದಿರುವ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ಚಿಮ್ಮಿಸುತ್ತವೆ, ಉಳಿದವು ಸುಮ್ಮನಿರುತ್ತವೆ. ಹೀಗೆ ಕಣ್ಣಿಗೆ ಬಿದ್ದವನ್ನೆಲ್ಲ ಸೇರಿಸಿ ನೋಡುವಾಗ ಬಳೆಯ ಆಕಾರ ಮೂಡುತ್ತದೆ. ಅಂದರೆ ನನಗೆ ಕಂಡ ಗೀರುಗಳು ಇದ್ದ ಗೀರುಗಳಲ್ಲಿ ಸ್ವಲ್ಪ ಪಾಲು ಮಾತ್ರ. ಈ ತಿಳಿವಳಿಕೆಯಿಂದ ಆ ದಿನ ಸಮಾಧಾನವೇನೂ ಆಗಲಿಲ್ಲ.

ಇಂದಿನ ಕಾರುಗಳಲ್ಲಿ ನಾವು ಬಣ್ಣವೆಂದು ಮುಟ್ಟುವುದು ಬಣ್ಣವನ್ನಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ತೆಳುಪದರ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎನ್ನುವ, ಬಣ್ಣವೇ ಇಲ್ಲದ ಪಾರದರ್ಶಕ ಪದರ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇದ್ದರೆ ಹೆಚ್ಚು. ಬೆಳಿಗ್ಗೆ ಓದಿ ಬಿಸಾಡುವ ದಿನಪತ್ರಿಕೆಯ ಒಂದು ಹಾಳೆಗಿಂತ ಅದು ತೆಳು. ಹೊಳಪೆಂದು ನಾವು ಕರೆಯುವುದೆಲ್ಲ ಈ ಪದರದ ಮೇಲ್ಮೈ ನುಣುಪಾಗಿರುವುದರ ಫಲವಷ್ಟೇ. ಅದು ಒಂದು ಬಗೆಯ ಪ್ಲಾಸ್ಟಿಕ್; ಅದರ ಗಟ್ಟಿತನವನ್ನು ಅಳೆಯುವವರು ಬೇರೆಬೇರೆ ಗಡಸಿನ ಪೆನ್ಸಿಲ್‌ಗಳಿಂದ ಗೀಚಿ ನೋಡುತ್ತಾರೆಂದರೆ ಅದೆಷ್ಟು ಮೆದುವೆಂದು ಊಹಿಸಬಹುದು. ಗೀರು ಬಿದ್ದಮೇಲೆ ಪಾಲಿಶ್ ಮಾಡಿಸಿದರೆ ಹೋಗುವುದೇನೋ ನಿಜ, ಆದರೆ ಪಾಲಿಶ್ ಎಂದರೆ ಗೀರಿನ ಆಳದವರೆಗೆ ಸುತ್ತಲಿನ ಪದರವನ್ನೂ ಕೆಲವು ಮೈಕ್ರಾನ್ ಅರೆದು ತೆಗೆಯುವುದು. ಹಾಗಾಗಿ ಅದನ್ನು ಬೇಕೆಂದಾಗಲೆಲ್ಲ ಮಾಡಿಸಲಾಗುವುದಿಲ್ಲ.

ಇನ್ನು ಧೂಳಿನ ಮಾತು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ಹತ್ತಿದವರು ಅದರ ಫಲಕವನ್ನು ಓದಿರಬಹುದು: ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಂಗಳೂರು ನಿಂತಿರುವುದೇ ಈ ಜಾತಿಯ ಕಲ್ಲಿನ ಮೇಲೆ. ಅದರೊಳಗೆ ಹೇರಳವಾಗಿರುವುದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಖನಿಜಗಳ ಗಡಸುತನವನ್ನು ಹತ್ತು ಮೆಟ್ಟಿಲುಗಳಲ್ಲಿ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲು 7ರಲ್ಲಿದೆ, ಫೆಲ್ಡ್‌ಸ್ಪಾರ್ 6ರಲ್ಲಿ. ನಮ್ಮ ಉಗುರು ಎರಡೂವರೆ, ಚಾಕುವಿನ ಉಕ್ಕು ಐದೂವರೆಯ ಆಸುಪಾಸು. ನಗರದ ಸುತ್ತಲಿನ ಕ್ರಷರುಗಳು ಇದೇ ಕಲ್ಲನ್ನು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಪುಡಿಮಾಡಿ ಕಳಿಸುತ್ತವೆ. ಹೊಳೆಯ ಮರಳು ನೀರಿನಲ್ಲಿ ಉರುಳಿ ಉರುಳಿ ಮೂಲೆ ಕಳೆದುಕೊಂಡಿರುತ್ತದೆ. ಎಂ-ಸ್ಯಾಂಡಿನ ಕಣಕ್ಕೆ ಆ ಸಂಸ್ಕಾರವಿಲ್ಲ, ಒಡೆದ ಗಾಜಿನಂತೆ ಅದರ ಅಂಚುಗಳು ಹರಿತವಾಗಿರುತ್ತವೆ. ನಮ್ಮ ರಸ್ತೆಯಲ್ಲಿ ಸದ್ಯಕ್ಕೆ ಮೂರು ಕಡೆ ಮನೆ ಕಟ್ಟುತ್ತಿದ್ದಾರೆ, ಮೂರು ಕಡೆಯೂ ಮರಳಿನ ರಾಶಿ ರಸ್ತೆಗೇ ಸುರಿದಿದೆ. ಆ ರಾಶಿಯ ಮೇಲಿಂದ ಬೀಸಿದ ಗಾಳಿ ಬಂದು ಕೂರುವುದು ಎಲ್ಲಿ ಎಂದು ಹೇಳಬೇಕಾಗಿಲ್ಲ.

ಹೀಗೆ ಕೂತ ಧೂಳು ಕೂತಷ್ಟು ಹೊತ್ತು ಏನನ್ನೂ ಮಾಡುವುದಿಲ್ಲ. ಅದು ಗೀರುವುದು ನಾವು ಅದನ್ನು ಒತ್ತಿ ಎಳೆದಾಗ. ಇದು ಅರ್ಥವಾದ ಮೇಲೆ ನನಗೆ ನಮ್ಮ ಭಾಷೆಯಲ್ಲಿ ಶುಚಿಗೊಳಿಸುವುದಕ್ಕೆ ಇರುವ ಕ್ರಿಯಾಪದಗಳ ಮೇಲೆಯೇ ಗಮನ ಹೋಯಿತು. ಅಂಗಳ ಗುಡಿಸುತ್ತೇವೆ, ನೆಲ ಸಾರಿಸುತ್ತೇವೆ, ಪಾತ್ರೆ ಬೆಳಗುತ್ತೇವೆ, ಬೆನ್ನು ತಿಕ್ಕುತ್ತೇವೆ, ಹಾಸಿಗೆ ಕೊಡವುತ್ತೇವೆ, ಮೇಜು ಒರೆಸುತ್ತೇವೆ. ಒರೆಸುವುದು ಇವುಗಳಲ್ಲಿ ಮೆತ್ತನೆಯದೆಂದು ತೋರುತ್ತದೆ. ಆದರೆ ಚಿನ್ನವನ್ನು ಉಜ್ಜಿ ಗೆರೆ ಮೂಡಿಸಿ ಪರೀಕ್ಷಿಸುವ ಒರೆಗಲ್ಲಿನ ಒರೆಯೇ ಈ ಒರೆಸುವಿಕೆಯ ಒಳಗೂ ಇದೆ. ಒರೆಸುವ ಕೈ ಉಜ್ಜುವ ಕೈಯೇ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ಚೊಂಬು ಫಳಫಳ ಹೊಳೆಯುವುದನ್ನು ನೋಡುತ್ತಾ ಬೆಳೆದವರಿಗೆ, ತಿಕ್ಕಿದಷ್ಟೂ ಹೊಳಪು ಎಂಬುದು ಕೈಗೇ ಅಂಟಿದ ನಂಬಿಕೆ. ಚೊಂಬಿಗೆ ಅದು ಸರಿ, ಅದರ ಲೋಹ ಒಳಗಿನವರೆಗೂ ಒಂದೇ. ಕ್ಲಿಯರ್ ಕೋಟಿಗೆ ಬೇಕಾದದ್ದು ಬೇರೊಂದು ಕ್ರಿಯಾಪದ. ಹಸುವಿನ ಗಂಗೆದೊಗಲನ್ನು ಸವರುತ್ತೇವಲ್ಲ, ಭಾರ ಹಾಕದೆ, ಮೇಲಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ಹಾಗೆ.

ಅಪ್ಪನ ಹಳದಿ ಬಟ್ಟೆಯ ನೆನಪು ಇಲ್ಲಿ ಬರಲೇಬೇಕು. ಎರಡನೆಯ ಕೈಯಿಂದ ಕೊಂಡ ತಿಳಿನೀಲಿ ಪದ್ಮಿನಿ ಕಾರೊಂದು ನಮ್ಮಲ್ಲಿತ್ತು. ಅದರ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಒಂದು ಹಳದಿ ಬಟ್ಟೆ ಸದಾ ಮಡಿಸಿಟ್ಟಿರುತ್ತಿತ್ತು, ಟ್ಯಾಕ್ಸಿಯವರ ಬಳಿ ಇಂದಿಗೂ ಕಾಣುವಂಥದು. ಅಪ್ಪ ಅದಕ್ಕೆ ನಾಲ್ಕು ಹನಿ ಸೀಮೆಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟು, ಮರುದಿನ ಕಾರನ್ನು ಒರೆಸುತ್ತಿದ್ದರು, ಬಟ್ಟೆ ತಿಳಿನೀಲಿಯಾಗುತ್ತಿತ್ತು. ಆ ಕಾಲದ ಅಂಥ ಬಣ್ಣಗಳಿಗೆ ಮೇಲಿನ ಪಾರದರ್ಶಕ ಪದರವಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಬಣ್ಣವೇ ಇದ್ದುದರಿಂದ ಮೇಲ್ಭಾಗ ಮಾಸಿದಾಗ ಸ್ವಲ್ಪ ಉಜ್ಜಿ ತೆಗೆದರೆ ಅಡಿಯಿಂದ ಅದೇ ಬಣ್ಣ ಹೊಸದಾಗಿ ಹೊರಬರುತ್ತಿತ್ತು. ಹಾಗಾಗಿ ಅಪ್ಪನ ಕೈ ಆ ಕಾರಿಗೆ ತಪ್ಪಾಗಿರಲಿಲ್ಲ. ನಾನು ತಪ್ಪಿದ್ದು ಆ ಕೈಯನ್ನು ಈ ಕಾರಿಗೂ ತಂದಿದ್ದರಲ್ಲಿ. ಆದರೆ ಸೀಮೆಎಣ್ಣೆಯ ಆ ನಾಲ್ಕು ಹನಿಗಳಲ್ಲಿ ಒಂದು ಜಾಣತನವಿತ್ತು, ಅದು ನನಗೆ ತಿಳಿದದ್ದು ಕಾರಿನ ಧೂಳು ತೆಗೆಯುವ ಡಸ್ಟರ್ ಕೊಂಡ ಮೇಲೆ: ಒಣಬಟ್ಟೆ ಧೂಳನ್ನು ತಳ್ಳುತ್ತದೆ, ಜಿಡ್ಡಿರುವ ಎಳೆ ಧೂಳನ್ನು ಹಿಡಿದುಕೊಳ್ಳುತ್ತದೆ.

ಕಾರಿನ ಡಸ್ಟರ್ ಎಂದರೆ ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿಕೆಗೆ ಹತ್ತಿಯ ಉದ್ದನೆಯ ಎಳೆಗಳನ್ನು ದಟ್ಟವಾಗಿ ಕಟ್ಟಿ, ಅವಕ್ಕೆ ಪ್ಯಾರಾಫಿನ್ ಮೇಣವನ್ನು ಕುಡಿಸಿರುವ ಸಾಧನ. ಅಮೆರಿಕದ ಕ್ಯಾಲಿಫೋರ್ನಿಯಾ ಕಾರ್ ಡಸ್ಟರ್ ಎಂಬುದರಿಂದ ಈ ಬಗೆ ಹೆಸರಾಯಿತು. ಈಗ ಇಲ್ಲಿಯೂ ಅಂಥವನ್ನು ಮಾಡುತ್ತಾರೆ. ನೋಡಿದರೆ ದೇವಸ್ಥಾನದ ಚಾಮರಕ್ಕೆ ಕೆಂಪು ಬಣ್ಣ ಹಾಕಿದಂತೆ ಕಾಣುತ್ತದೆ. ನಾನು ಕೊಂಡಾಗ ಅದರ ಪೊಟ್ಟಣದ ಮೇಲೆ ಬರೆದಿದ್ದುದನ್ನು ಓದದೆ ನೇರವಾಗಿ ಕಾರಿನ ಮೇಲೆ ಆಡಿಸಿದೆ. ಬಾನೆಟ್ಟಿನ ಮೇಲೆ ತುಪ್ಪ ಸವರಿದ ದೋಸೆಯಂಥ ಜಿಡ್ಡಿನ ಗೆರೆಗಳು ಮೂಡಿದವು. ಹೊಸ ಡಸ್ಟರಿನಲ್ಲಿ ಮೇಣ ಹೆಚ್ಚಿರುತ್ತದೆ. ಅದನ್ನು ಒಂದೆರಡು ದಿನ ದಿನಪತ್ರಿಕೆಯ ಮೇಲೆ ಎಳೆಗಳನ್ನು ಹರಡಿ ಮಲಗಿಸಬೇಕು, ಆಗ ಮೇಲಿನ ಮೇಣವನ್ನು ಕಾಗದ ಹೀರಿಕೊಳ್ಳುತ್ತದೆ. ನಾನು ಆಮೇಲೆ ಹಾಗೆ ಮಾಡಿದಾಗ ಹಾಳೆ ಬೋಂಡ ಕಟ್ಟಿಕೊಟ್ಟ ಕಾಗದದಂತೆ ಆರಪಾರ ಕಾಣುವಷ್ಟು ಜಿಡ್ಡಾಗಿತ್ತು. ಈ ಸಂಸ್ಕಾರವಾದ ಮೇಲೆ ಅದು ಕೆಲಸಕ್ಕೆ ಬರುತ್ತದೆ, ಬಳಸಿದಷ್ಟೂ ಪಳಗುತ್ತದೆ. ಎಳೆಗಳ ತುದಿ ಕಪ್ಪಾಗುವುದು ಅದು ಕೆಟ್ಟಿರುವುದರ ಗುರುತಲ್ಲ.

ಕಪ್ಪಾದದ್ದು ಕೊಳೆ ಎಂದುಕೊಂಡವರು ನಮ್ಮ ಮನೆಯಲ್ಲೇ ಇದ್ದರು. ಬಾಲ್ಕನಿಯಲ್ಲಿ ನೇತುಹಾಕಿದ್ದ ಡಸ್ಟರನ್ನು ಅಮ್ಮ ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಕುಕ್ಕಿ, ಹಿಂಡಿ, ಒಣಗಿಸಿಟ್ಟಿದ್ದಳು. ಸಂಜೆ ಬಂದು ನೋಡಿದರೆ ಆರು ತಿಂಗಳು ಪಳಗಿದ್ದ ಮೇಣವೆಲ್ಲ ಹೋಗಿ, ಎಳೆಗಳು ಗಂಟುಗಂಟಾಗಿ, ಅದೊಂದು ನೆಲ ಒರೆಸುವ ಕೋಲಾಗಿತ್ತು. "ಎಷ್ಟು ಕೊಳೆ ಬಿಟ್ಟಿತು ಗೊತ್ತೇನೋ, ಇದರಲ್ಲಿ ಕಾರು ಒರೆಸ್ತಿದ್ಯಾ?" ಎಂದು ಅವಳೇ ನನ್ನನ್ನು ಗದರಿದಳು. ನಾನೇನೂ ಹೇಳಲಿಲ್ಲ, ಶುಚಿಯ ವಿಷಯದಲ್ಲಿ ಅಮ್ಮಂದಿರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಎರಡನೆಯದು ಕೊಳ್ಳಬೇಕಾಯಿತು.

ಬಳಸುವ ಕ್ರಮ ಸರಳವಾದರೂ ಕೈಗೆ ಹತ್ತಲು ಸಮಯ ಬೇಕು. ಮೊದಲು ಕಾರಿನಿಂದ ನಾಲ್ಕು ಹೆಜ್ಜೆ ದೂರ ಹೋಗಿ ಡಸ್ಟರನ್ನು ಜೋರಾಗಿ ಕೊಡವಬೇಕು, ಹಿಂದಿನ ದಿನದ ಮರಳು ಅದರಲ್ಲಿ ಉಳಿದಿರಬಾರದು. ಆಮೇಲೆ ಟಾಪಿನಿಂದ ಶುರುಮಾಡಿ ಕೆಳಗಿಳಿಯಬೇಕು. ಎಳೆಗಳ ಭಾರ ಎಷ್ಟಿದೆಯೋ ಅಷ್ಟೇ ಕಾರಿನ ಮೇಲೆ ಬೀಳಬೇಕು. ಹಿಡಿಕೆ ಹಿಡಿದ ಕೈ ಎತ್ತಿ ಹಿಡಿಯುವುದಕ್ಕಿದೆಯೇ ಹೊರತು ಒತ್ತುವುದಕ್ಕಲ್ಲ. ಕಾರಿನ ಉದ್ದಕ್ಕೆ ನೇರವಾಗಿ ಎಳೆಯಬೇಕು, ಮುಂದಿನಿಂದ ಹಿಂದಕ್ಕೆ, ಹೋದ ದಾರಿಯಲ್ಲೇ ತಿರುಗಿ ಬರಬಾರದು. ಒಂದೊಂದು ಭಾಗ ಮುಗಿದಾಗಲೂ ಮತ್ತೆ ಕೊಡವಬೇಕು. ಈ ಕೊಡವುವುದನ್ನು ಬಿಡುವವರೇ ಹೆಚ್ಚು, ಡಸ್ಟರಿನಿಂದ ಗೀರು ಬಿತ್ತೆಂದು ದೂರುವವರೂ ಬಹುಪಾಲು ಅವರೇ ಎಂದು ನನ್ನ ಅನುಮಾನ. ಬಾಗಿಲಿನ ಕೆಳಗಿನ ಅರ್ಧ, ಬಂಪರಿನ ಕೆಳಭಾಗ, ಚಕ್ರದ ಸುತ್ತಲಿನ ಜಾಗಗಳಿಗೆ ಡಸ್ಟರ್ ಹೋಗಲೇಬಾರದು, ಅಲ್ಲಿರುವುದು ಗಾಳಿ ತಂದ ಧೂಳಲ್ಲ, ಚಕ್ರ ಎರಚಿದ ಮರಳು. ಡಸ್ಟರ್ ಕೈತಪ್ಪಿ ನೆಲಕ್ಕೆ ಬಿದ್ದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು.

ಗಾಜಿನ ಮೇಲೆಯೂ ಆಡಿಸಬಾರದು ಎಂಬುದನ್ನು ನಾನು ತುಮಕೂರು ರಸ್ತೆಯಲ್ಲಿ ಕಲಿತೆ. ಬೆಳಿಗ್ಗೆ ಅತ್ಯುತ್ಸಾಹದಿಂದ ಮುಂದಿನ ಗಾಜನ್ನೂ ಸವರಿ ಹೊರಟಿದ್ದೆ, ಹಗಲಿನಲ್ಲಿ ಏನೂ ಕಾಣಲಿಲ್ಲ. ರಾತ್ರಿ ಹಿಂತಿರುಗುವಾಗ ಎದುರಿನ ಲಾರಿಗಳ ಹೆಡ್‌ಲೈಟು ಬಿದ್ದೊಡನೆ ಗಾಜಿನ ತುಂಬ ಹಾಲಿನಂಥ ಮಬ್ಬು ಹರಡಿತು. ನೀರು ಚಿಮ್ಮಿಸಿ ವೈಪರ್ ಹಾಕಿದರೆ ಮೇಣ ಇನ್ನಷ್ಟು ಹರಡಿ, ವೈಪರ್ ಕಿರುಗುಟ್ಟುತ್ತಾ ಕುಣಿಯತೊಡಗಿತು. ಗಾಜಿಗೆ ಒದ್ದೆಬಟ್ಟೆಯೇ ಸರಿ, ಅದು ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಡಸ್ಟರನ್ನು ಇಡುವ ಜಾಗದಲ್ಲಿಯೂ ಇದೇ ಎಚ್ಚರ ಬೇಕು: ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬರಿದಾಗಿ ಬಿಟ್ಟರೆ ಮೇಣ ಮೆತ್ತಗಾಗಿ ಸೀಟಿಗೋ ಡ್ಯಾಶ್‌ಬೋರ್ಡಿಗೋ ಅಂಟುತ್ತದೆ. ಅದರ ಜೊತೆ ಬರುವ ಬಟ್ಟೆಚೀಲವನ್ನು ಬಿಸಾಡಬಾರದು.

ಆದರೆ ಇಷ್ಟೆಲ್ಲ ಕ್ರಮಕ್ಕಿಂತ ಮುಖ್ಯವಾದದ್ದು ಡಸ್ಟರನ್ನು ಕೈಗೆತ್ತಿಕೊಳ್ಳದೆ ಇರಬೇಕಾದ ದಿನ ಯಾವುದೆಂದು ಗುರುತಿಸುವುದು. ನವೆಂಬರಿನಿಂದ ಜನವರಿಯವರೆಗೆ ಹೊರಗೆ ನಿಲ್ಲಿಸಿದ ಕಾರಿನ ಮೇಲೆ ಬೆಳಗಿನ ಜಾವ ಇಬ್ಬನಿ ಕೂತಿರುತ್ತದೆ. ಇಬ್ಬನಿಯೊಡನೆ ಬೆರೆತ ಧೂಳು ಧೂಳಲ್ಲ, ಕೆಸರು. ಅದು ಒಣಗಿದ ಮೇಲೆ ಬಣ್ಣಕ್ಕೆ ಅಂಟಿದ ಪುಟ್ಟ ಪುಟ್ಟ ಹೆಪ್ಪು. ಅದನ್ನು ಡಸ್ಟರ್ ಎತ್ತಲಾರದು, ಕಿತ್ತು ಎಳೆಯುತ್ತದೆ. ಯುಗಾದಿಯ ಮುಂದಿನ ಬೇಸಗೆ ಮಳೆ ನಾಲ್ಕು ಹನಿ ಉದುರಿಸಿ ನಿಂತಾಗಲೂ ಇದೇ ಕತೆ, ಚುಕ್ಕೆ ಚುಕ್ಕೆಯಾದ ಕಾರು ಕಂಡೊಡನೆ ಕೈ ತುರಿಸುತ್ತದೆ, ಆದರೆ ತಡೆದುಕೊಳ್ಳಬೇಕು. ಹೊಂಗೆಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಉದುರಿದ ಹೂವನ್ನು ಡಸ್ಟರ್ ಸುಲಭವಾಗಿ ತೆಗೆಯುತ್ತದೆ. ಎಲೆಯ ರಸ ಹೀರುವ ಹುಳುಗಳು ಸಿಂಪಡಿಸಿದ ಸಿಹಿ ಅಂಟನ್ನು ತೆಗೆಯುವುದಿಲ್ಲ, ಬದಲಿಗೆ ಅದನ್ನೇ ಎಳೆಗಳಿಗೆ ಹತ್ತಿಸಿಕೊಂಡು ತಾನೇ ಕೆಡುತ್ತದೆ. ಗಸಗಸೆ ಹಣ್ಣಿನ ಮರದ ಕೆಳಗೆ ರಾತ್ರಿ ಕಾರು ನಿಲ್ಲಿಸುವವರಿಗೆ ಬಾವಲಿಗಳು ಬಿಟ್ಟುಹೋಗುವ ಬೀಜ ತುಂಬಿದ ಪ್ರಸಾದ ಗೊತ್ತಿರುತ್ತದೆ, ಅದಕ್ಕೆ ನೆನೆಸಿದ ಬಟ್ಟೆಯನ್ನು ಐದು ನಿಮಿಷ ಹೊದಿಸಿಟ್ಟು ಮೆದುವಾದ ಮೇಲೆ ಎತ್ತಬೇಕು. ನೆಲಮಾಳಿಗೆಯಲ್ಲಿದ್ದರೆ ಇವೆಲ್ಲ ಇಲ್ಲವೆಂದು ಹಿಗ್ಗುವ ಹಾಗೂ ಇಲ್ಲ. ಅಲ್ಲಿ ಕಾಂಕ್ರೀಟಿನ ಬಿರುಕಿನಿಂದ ಸುಣ್ಣದ ನೀರು ತೊಟ್ಟಿಕ್ಕಿ ಬಣ್ಣದ ಮೇಲೆ ಬಿಳಿಯ ಕಲೆ ಕಟ್ಟುತ್ತದೆ, ಡಸ್ಟರಿಗೆ ಅದು ಕಾಣಿಸುವುದೂ ಇಲ್ಲ.

ಹೊಸಪೇಟೆಯಲ್ಲಿದ್ದ ನನ್ನ ಸೋದರಮಾವನ ಮನೆಗೆ ರಜೆಯಲ್ಲಿ ಹೋಗುತ್ತಿದ್ದ ದಿನಗಳಲ್ಲಿ ಅದಿರಿನ ಲಾರಿಗಳ ಕಾಲ ಅದು, 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವುದಕ್ಕೆ ಮುಂಚಿನ ಮಾತು. ಸಂಡೂರಿನ ಕಡೆಯಿಂದ ಬರುವ ರಸ್ತೆಯ ಬದಿಯ ಮರಗಳ ಎಲೆ ಕೆಂಪು, ಅಂಗಡಿಗಳ ಸೂರು ಕೆಂಪು, ಮಾವನ ಬಿಳಿಯ ಕಾರು ದಾಸವಾಳದ ಬಣ್ಣ. ಅದರ ಮೇಲೆ ಬೆರಳಿನಿಂದ ಹೆಸರು ಬರೆಯಲು ಹೋದ ನನ್ನ ಕೈಯನ್ನು ಅವರ ಡ್ರೈವರ್ ಹಿಡಿದುಕೊಂಡು, "ಮುಟ್ಟಬ್ಯಾಡ ತಮ್ಮಾ, ಮೊದ್ಲ ನೀರು ಬೀಳ್ಲಿ" ಎಂದಿದ್ದರು. ಅದಿರಿನ ಕಣ ಬೆಣಚುಕಲ್ಲಿನ ಕಣಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಭಾರ; ಅಂಥ ಧೂಳಿನಲ್ಲಿ ಮುಟ್ಟುವುದೇ ಗೀರುವುದು. ಅವರು ಕೊಡಗಟ್ಟಲೆ ನೀರನ್ನು ಮೇಲಿನಿಂದ ಸುರಿದು, ಕೆಂಪುನೀರು ತಾನಾಗಿ ಹರಿದು ಮುಗಿಯುವವರೆಗೆ ಬೀಡಿ ಸೇದುತ್ತಾ ಕೂತು, ಆಮೇಲೆಯೇ ಬಟ್ಟೆ ಹಿಡಿಯುತ್ತಿದ್ದರು. ಯಾವ ಧೂಳಿಗೆ ಕೈ ಹಚ್ಚಬಾರದೆಂದು ಅವರಿಗೆ ಯಾರೂ ಮೈಕ್ರಾನಿನ ಲೆಕ್ಕ ಹೇಳಿಕೊಟ್ಟಿರಲಿಲ್ಲ.

ಧೂಳೇ ಕೂರದಂತೆ ಹೊದಿಕೆ ಹಾಕಬಾರದೇ ಎಂದು ಕೇಳುವವರಿದ್ದಾರೆ. ತೊಳೆದು ಒಣಗಿಸಿದ ಕಾರಿಗೆ, ಗಾಳಿಯಿಲ್ಲದ ಜಾಗದಲ್ಲಿ ಹಾಕಿದರೆ ಒಳ್ಳೆಯದೇ. ಆದರೆ ಸಂಜೆ ಆಫೀಸಿನಿಂದ ಬಂದ ಧೂಳುಗಾರಿನ ಮೇಲೆ ಹೊದಿಕೆ ಎಳೆದು, ರಾತ್ರಿಯೆಲ್ಲ ಗಾಳಿಗೆ ಅದು ಪಟಪಟ ಬಡಿದುಕೊಳ್ಳಲು ಬಿಟ್ಟರೆ, ಹತ್ತು ಅಡಿ ಉದ್ದದ ಉಪ್ಪುಕಾಗದವನ್ನು ನಾವೇ ಹೊದಿಸಿದ ಹಾಗೆ. ಮೈಕ್ರೋಫೈಬರಿನ ಡಸ್ಟರುಗಳೂ ಸಿಗುತ್ತವೆ, ಶಾವಿಗೆಯಂಥ ದಪ್ಪ ಎಳೆಗಳವು. ಅವನ್ನು ಒಗೆಯಬಹುದು, ಅಮ್ಮನ ದೃಷ್ಟಿಯಲ್ಲಿ ಅದೊಂದು ಗುಣ. ಕಾರಿನ ಒಳಗೆ ನಾನು ಅದನ್ನೇ ಬಳಸುತ್ತೇನೆ. ಹೊರಗಿನ ಬಣ್ಣಕ್ಕೆ ಮೇಣದ ಹತ್ತಿಯೇ ಮೇಲೆಂಬುದು ನನ್ನ ಕೈಯ ಅನುಭವ. ಆಯುಧಪೂಜೆಯ ಮರುದಿನ ಮಾತ್ರ ಅದನ್ನು ಹೊರತೆಗೆಯುವುದಿಲ್ಲ. ಮೊದಲ ವರ್ಷ ಬಾನೆಟ್ಟಿನ ಮೇಲೆ ಉದುರಿದ್ದ ಕುಂಕುಮವನ್ನು ಧೂಳೆಂದೇ ಭಾವಿಸಿ ಸವರಿದ್ದೆ, ಮೇಣ ಅದನ್ನು ಹಿಡಿದುಕೊಂಡು ಎರಡು ವಾರ ಪಕ್ಕದ ಮನೆಯ ಬಿಳಿ ಕಾರಿಗೂ ಹಂಚಿತು. ಅರಿಶಿನದ ಕಲೆಯ ಬಗ್ಗೆ ಅಷ್ಟು ಚಿಂತೆ ಬೇಡ, ಅದರ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ.

2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದವರಿಗೆ 5000 ರೂಪಾಯಿ ದಂಡವೆಂದು ಆದೇಶಿಸಿತು. ನಮ್ಮ ಕೊಳವೆಬಾವಿ ಆಗ ಬತ್ತಿತ್ತು, ಟ್ಯಾಂಕರಿನ ನೀರಿಗೆ ದಿನವೂ ಜಗಳವಾಗುತ್ತಿತ್ತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪು ಮಾಡಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತಂದ ಕಾವೇರಿಯನ್ನು ಪೈಪು ಹಿಡಿದು ಕಾರಿನ ಮೇಲೆ ಬಿಡುವುದು ಎಂಥ ಕೆಲಸವೆಂದು ಆ ತಿಂಗಳು ಎಲ್ಲರಿಗೂ ಹೊಳೆದಿತ್ತು. ಮಳೆ ಬಂದ ಮೇಲೆ ಕೆಲವರಿಗೆ ಮರೆತುಹೋಯಿತು. ನಾನು ಪೂರ್ತಿ ತೊಳೆಯುವುದನ್ನು ತಿಂಗಳಿಗೊಮ್ಮೆಗೆ ಇಳಿಸಿದ್ದು ಆಗಲೇ. ಅದಕ್ಕೆ ಎರಡು ಬಕೆಟ್ಟು ಸಾಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕೈಬಟ್ಟೆಯ ಮರಳನ್ನು ಬಿಡಿಸಿಕೊಳ್ಳಲು ಬರಿಯ ನೀರು. ನಡುವಿನ ಮೂರು ನಾಲ್ಕು ವಾರಗಳನ್ನು ತಳ್ಳುವುದು ಡಸ್ಟರಿನ ಕೆಲಸ. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಡಸ್ಟರಿನಿಂದ ಗೀರು ಬೀಳುವುದೇ ಇಲ್ಲವೆಂದು ನಾನು ಹೇಳಲಾರೆ. ಒಣಧೂಳಿನ ಮೇಲೆ ಏನನ್ನೇ ಎಳೆದರೂ ಒಂದಿಷ್ಟು ಗೀರುತ್ತದೆ. ದಿನವೂ ಮೆತ್ತಗಿನ ಧೂಳನ್ನು ಸವರಿ ತೆಗೆದರೆ ಬೀಳುವ ಗೀರು, ಹದಿನೇಳನೆಯ ಸರದಿಯ ಒದ್ದೆಬಟ್ಟೆ ಮಾಡುವ ಗೀರಿಗಿಂತ ಬಹಳ ಕಡಿಮೆ, ಅಷ್ಟೇ. ಧೂಳನ್ನು ಕಂಡೂ ಸುಮ್ಮನಿರಬಲ್ಲವರಿಗೆ ಗೀರು ಎಲ್ಲರಿಗಿಂತ ಕಡಿಮೆ, ಆದರೆ ಅಂಥ ಮನಸ್ಸಿರುವವರು ಕಪ್ಪು ಕಾರನ್ನು ಕೊಳ್ಳುವುದಿಲ್ಲ.

ಒರೆಸುವವರಿಗೆ ಈ ವಿಷಯವನ್ನು ಹೇಗೆ ಹೇಳುವುದೆಂಬುದೇ ನನಗೆ ದೊಡ್ಡ ಸಂಕೋಚವಾಗಿತ್ತು. ತಪ್ಪು ಅವರದೆಂದು ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ತಪ್ಪು ಅವರದಲ್ಲ. ಎರಡೂವರೆ ಗಂಟೆಯಲ್ಲಿ ಇಪ್ಪತ್ತೆರಡು ಕಾರೆಂದರೆ ಒಂದಕ್ಕೆ ಏಳು ನಿಮಿಷವೂ ಇಲ್ಲ, ಆ ಏಳು ನಿಮಿಷದಲ್ಲಿ ಬಟ್ಟೆ ಜಾಲಿಸುವವರು ಯಾರು? ಕೊನೆಗೆ ಒಂದು ದಿನ ಬೇಗ ಎದ್ದು ಕೆಳಗಿಳಿದು, ಡಸ್ಟರನ್ನು ಅವರ ಕೈಗಿತ್ತು, ನನ್ನ ಕಾರಿಗೆ ಇನ್ನು ನೀರು ಬೇಡ, ಇದರಿಂದ ಮೇಲೆ ಮೇಲೆ ಸವರಿದರೆ ಸಾಕು, ದುಡ್ಡು ಅಷ್ಟೇ ಕೊಡುತ್ತೇನೆ ಎಂದೆ. ಅವರು ಡಸ್ಟರನ್ನೂ ನನ್ನನ್ನೂ ಒಮ್ಮೆ ನೋಡಿದರು. "ಸಾರ್, ಒದ್ದೆ ಕಾಣದೆ ಇದ್ರೆ ನಾನು ಕೆಲಸಾನೇ ಮಾಡಿಲ್ಲ ಅಂತಾರೆ. ಪಕ್ಕದ ಬ್ಲಾಕಲ್ಲಿ ಒಂದ್ಸಲ ಒಣಬಟ್ಟೆಯಲ್ಲಿ ಒರೆಸಿದ್ದಕ್ಕೆ ತಿಂಗಳ ದುಡ್ಡೇ ಹಿಡ್ಕೊಂಡಿದ್ರು" ಎಂದರು. ನಾವು ತಿಂಗಳಿಗೆ 600 ರೂಪಾಯಿ ಕೊಟ್ಟು ಕೊಳ್ಳುತ್ತಿದ್ದುದು ಶುಚಿಯನ್ನಲ್ಲ, ಒದ್ದೆಯ ಸಾಕ್ಷಿಯನ್ನು ಎಂಬುದು ನನಗೆ ಆಗ ತಿಳಿಯಿತು. ನಾನೂ ಎಂಟು ತಿಂಗಳು ಅದೇ ಸಾಕ್ಷಿಯನ್ನು ನೋಡಿ ತೃಪ್ತನಾಗಿದ್ದವನು.

ಮೊದಲ ವಾರ ಅವರು ಡಸ್ಟರನ್ನು ಬಟ್ಟೆಯಂತೆಯೇ ಒತ್ತಿ ಉಜ್ಜಿದರು. ಹಸುವಿನ ಮಾತನ್ನು ಹೇಳಿದ್ದು ಅವರಿಗೇ. ಮಾಗಡಿಯ ಕಡೆಯವರು, ಊರಿನಲ್ಲಿ ಎರಡು ಹಸು ಇವೆಯಂತೆ. ಹೇಳಿದ ಮರುಕ್ಷಣವೇ ಕೈ ಹಗುರಾಯಿತು. ಈಗ ನನ್ನ ಕಾರಿಗೆ ಅವರಿಗೆ ಬೇಕಾಗುವುದು ಮೂರು ನಿಮಿಷ, ಉಳಿದ ನಾಲ್ಕು ನಿಮಿಷ ಹದಿನೆಂಟನೆಯ ಕಾರಿಗೆ ಹೋಗುತ್ತದೆಯೋ ಬೀದಿಯ ತುದಿಯ ಟೀ ಅಂಗಡಿಗೆ ಹೋಗುತ್ತದೆಯೋ ನಾನು ಕೇಳಿಲ್ಲ. ಕಾರು ರಾತ್ರಿ ಹೊರಗೆ ನಿಂತು ಇಬ್ಬನಿ ಬಿದ್ದ ದಿನ ಮುಟ್ಟದೆ ಮುಂದೆ ಹೋಗುತ್ತಾರೆ. ಹಳೆಯ ಗೀರುಗಳು ಹಾಗೆಯೇ ಇವೆ. ಪಾಲಿಶ್ ಮಾಡಿಸುವ ಯೋಚನೆಯನ್ನು ನಾನು ಬಿಟ್ಟಿದ್ದೇನೆ, ಉಳಿದಿರುವ ಮೈಕ್ರಾನುಗಳು ಇರಲಿ ಎಂದು. ಹೆಬ್ಬಾಳದಲ್ಲಿ ಎಳೆಬಿಸಿಲಿಗೆ ಆ ಬಲೆ ಈಗಲೂ ಹೊಳೆಯುತ್ತದೆ.

ಹೋದ ಭಾನುವಾರ ಅವರು ಬಾಗಿಲು ತಟ್ಟಿ ಹಳೆಯ ಪೇಪರ್ ಇದೆಯೇ ಎಂದು ಕೇಳಿದರು. ಹದಿನಾಲ್ಕನೆಯ ಕಂಬದ ಬಳಿಯ ಬೂದುಬಣ್ಣದ ಕಾರಿನವರು ಹೊಸ ಡಸ್ಟರ್ ತಂದುಕೊಟ್ಟಿದ್ದಾರಂತೆ. "ಎರಡು ದಿನ ಮಲಗಿಸಬೇಕಲ್ವಾ ಸಾರ್?" ಎಂದರು. ನಾನು ಒಂದು ವಾರದ ಪೇಪರನ್ನು ಕಟ್ಟಿ ಕೊಟ್ಟೆ.